ಇಪ್ಪತ್ತು ಹೆರಿಗೆ, ಅದರ ಮೇಲೊಂದು

ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುವವಳ ಬದುಕಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ನೆಂಟರು ಕೇಳುತ್ತಾರೆ. ವಾರಕ್ಕೊಂದಾದರೂ ಇರುತ್ತದೆ. ನಡೆಯುವಾಗ ಮಾತ್ರ ನನಗೆ ನಗು ಬರುವುದಿಲ್ಲ, ಹಣೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ಸಂಜೆ ಬಸ್ಸಿನಲ್ಲಿ ಪಕ್ಕದವರಿಗೆ ಗೋಳು ಹೇಳಿಕೊಳ್ಳಲು ಹೋದರೆ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಓಹೋ, ಇದು ಹಾಸ್ಯ ಎಂದು ಆಗ ಗೊತ್ತಾಗುತ್ತದೆ.

ನಾನಿರುವುದು ಹಿಂದೂಪುರದಲ್ಲಿ. ಒಂದು ಖಾಸಗಿ ಶಾಲೆಯಲ್ಲಿ ಹೆರಿಗೆಯ ಪಾಠ ಹೇಳುವ ಟ್ಯೂಟರ್. ಮನೆಯಲ್ಲಿ ಕನ್ನಡ, ಕ್ಲಾಸಿನಲ್ಲಿ ತೆಲುಗು, ಪುಸ್ತಕದಲ್ಲಿ ಇಂಗ್ಲಿಷು; ಬೈಗುಳ ಮೂರರಲ್ಲೂ. ನಮ್ಮ ಶಾಲೆಗೆ ಸ್ವಂತ ಆಸ್ಪತ್ರೆ ಇಲ್ಲ. ಬಾವಿ ಇಲ್ಲದೆ ಈಜು ಕಲಿಸಿದಂತೆ ಆಳೆತ್ತರದ ಬೊಂಬೆಯೊಂದನ್ನು ಇಟ್ಟುಕೊಂಡು ಎಷ್ಟೋ ವರ್ಷ ಕಲಿಸಿದೆವು. ಕೊನೆಗೆ ನಮ್ಮ ಕರೆಸ್ಪಾಂಡೆಂಟರು, ಅಂದರೆ ಶಾಲೆಯ ಯಜಮಾನರು, ಕಲ್ಯಾಣದುರ್ಗದ ಕಡೆಯ ಒಂದು ಖಾಸಗಿ ಆಸ್ಪತ್ರೆಯ ಜೊತೆ ಒಪ್ಪಂದ ಮಾಡಿಕೊಂಡರು. ಎರಡರ ಹೆಸರೂ ಬೇಡ. ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಅವರಿಗೆ ಏನೂ ಆಗುವುದಿಲ್ಲ.

ಆ ವರ್ಷ ಕೊನೆಯ ತರಗತಿಯಲ್ಲಿ ಇಪ್ಪತ್ತೆರಡು ಹುಡುಗಿಯರು. ಒಬ್ಬೊಬ್ಬಳೂ ತನ್ನ ಕೈಯಾರೆ ಇಪ್ಪತ್ತು ಹೆರಿಗೆ ಮಾಡಿಸಿ, ಅದನ್ನು ಕೇಸ್ ಬುಕ್ಕಿನಲ್ಲಿ ಬರೆದು, ಆಸ್ಪತ್ರೆಯವರ ಸಹಿ ಹಾಕಿಸಿಕೊಂಡರೆ ಮಾತ್ರ ಪರೀಕ್ಷೆಗೆ ಕೂರಬಹುದು. ಅವರಲ್ಲಿ ರೊದ್ದಂ ಕಡೆಯ ಹುಡುಗಿಯೊಬ್ಬಳಿದ್ದಳು. ಒಕ್ಕಲುತನದ ಮನೆಯವಳು, ಮಾತು ಕಡಿಮೆ, ಸೂಜಿ ಹಿಡಿದರೆ ಕೈ ನಡುಗುತ್ತಿತ್ತು. ಒಪ್ಪಂದದ ಸುದ್ದಿ ಬಂದ ದಿನ ನನ್ನ ಹಿಂದೆಯೇ ಬಂದಳು.

"ಮೇಡಂ, ನಾನು ನರ್ಸಾಗಿ ಊರಿಗೆ ಹೋದ್ರೆ ಜನ ಮೊದಲ್ನೇ ದಿನವೇ ಹೆರಿಗೆಗೆ ಕರೀತಾರೆ. ಬೊಂಬೆ ಮೇಲೆ ಕಲ್ತಿದ್ದೀನಿ ಅಂದ್ರೆ ಕೇಳ್ತಾರಾ? ಇಪ್ಪತ್ತು ಬ್ಯಾಡ ಮೇಡಂ, ಒಂದಾದ್ರೂ ನನ್ ಕೈಯಾಗೆ ಮಾಡ್ಸಿ."

ಮಾಡಿಸುತ್ತೇನೆ ಎಂದು ಮಾತು ಕೊಟ್ಟೆ. ಮುಂದಿನದೆಲ್ಲ ಆ ಮಾತಿನ ಪಾಡು.

ಒಪ್ಪಂದದ ಮೊದಲ ರೋಗಿ

ಸಹಿ ಹಾಕುವ ಸಮಾರಂಭ ಆಸ್ಪತ್ರೆಯಲ್ಲೇ ಆಯಿತು. ಇಪ್ಪತ್ತೆರಡು ಹುಡುಗಿಯರು ಬಿಳಿ ಯೂನಿಫಾರಂ ಹಾಕಿಕೊಂಡು ಹೋದರು. ಹನ್ನೊಂದು ಜನ ಬಾಗಿಲಲ್ಲಿ ಪನ್ನೀರು ಚಿಮುಕಿಸಿದರು, ಉಳಿದವರು ತಿಂಡಿ ಹಂಚಿದರು. ಭಾಷಣದಲ್ಲಿ ಕರೆಸ್ಪಾಂಡೆಂಟರು, "ಶಾಲೆ ಕೈ ಕೊಡುತ್ತದೆ, ಆಸ್ಪತ್ರೆ ರೋಗಿ ಕೊಡುತ್ತದೆ" ಎಂದರು. ಜೋರು ಚಪ್ಪಾಳೆ ಬಿತ್ತು.

ಆಮೇಲೆ ಫೋಟೋ. ಎರಡೂ ಕಡೆಯ ಹಿರಿಯರು ಒಬ್ಬ ರೋಗಿಯ ಮಂಚದ ಸುತ್ತ ನಿಂತಿರಬೇಕು ಎಂದು ಫೋಟೋದವನ ಆಸೆ. ವಾರ್ಡಿನಲ್ಲಿ ನೋಡಿದರೆ ಆವತ್ತು ರೋಗಿಗಳೇ ಇಲ್ಲ. ಒಬ್ಬನಿದ್ದ, ಅವನು ಊಟದ ವಾಸನೆ ಹಿಡಿದು ಪೆಂಡಾಲಿಗೆ ಹೋಗಿದ್ದ. ಕರೆಸ್ಪಾಂಡೆಂಟರು ಸುತ್ತ ನೋಡಿ ನನ್ನ ಮೇಲೆ ಕಣ್ಣಿಟ್ಟರು.

"ಮೇಡಂ, ನೀವು ಒಂಚೂರು ಸುಸ್ತಾಗಿರೋ ಹಂಗೆ ಕಾಣ್ತೀರಿ. ಮಲಕ್ಕಂಬುಡಿ."

ಮಲಗಿದೆ. ಮೇಲೆ ಹೊದಿಕೆ ಎಳೆದರು. ಆ ಫೋಟೋ ಈಗಲೂ ಶಾಲೆಯ ಬಾಗಿಲಲ್ಲಿದೆ. ಒಪ್ಪಂದದಿಂದ ಏನು ಸಿಕ್ಕಿತು ಎಂದು ಯಾರಾದರೂ ಕೇಳಿದರೆ, ನನಗಂತೂ ಹತ್ತು ನಿಮಿಷ ನಿದ್ದೆ ಸಿಕ್ಕಿತು.

ಬಟ್ಟೆ ಮಡಿಸುವ ವಿದ್ಯೆ

ಮರುವಾರದಿಂದ ಶಾಲೆಯ ಬಸ್ಸಿನಲ್ಲಿ ಆಸ್ಪತ್ರೆಗೆ ಓಡಾಟ ಶುರುವಾಯಿತು. ಅಲ್ಲಿ ಹೆರಿಗೆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಕೆಲಸದಲ್ಲಿ ಗಟ್ಟಿ ಹೆಂಗಸು, ಕೆಟ್ಟವಳಲ್ಲ. ಆದರೆ ಹುಡುಗಿಯರನ್ನು ರೋಗಿಯ ಹತ್ತಿರ ಬಿಡಲು ಒಪ್ಪಲಿಲ್ಲ.

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಕೇಳೋದು ನನ್ನ. ಅನುಭವ ಇಲ್ಲದ ಕೈ ಮೇಡಂ ಇವು."

"ಅನುಭವಕ್ಕೇ ಅಲ್ವೇನಮ್ಮ ಕರ್ಕೊಂಡ್ ಬಂದಿರೋದು?"

"ಬರ್ಲಿ, ಬ್ಯಾಡ ಅಂದ್ನಾ? ಅನುಭವ ಆದ್ಮೇಲೆ ಮುಟ್ಟಲಿ."

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಅಂತೂ ಹುಡುಗಿಯರನ್ನು ವರಾಂಡದಲ್ಲಿ ಸಾಲಾಗಿ ಕೂರಿಸಿ, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ಥಾನು ಕೊಟ್ಟರು. ಕತ್ತರಿಸಿ, ಮಡಿಸಿ, ಡಬ್ಬಕ್ಕೆ ತುಂಬುವುದು. ಒಳಗೆ ಹೆರಿಗೆ ನಡೆಯುತ್ತಿತ್ತು, ಹೊರಗೆ ನಮ್ಮವರು ಮಡಿಸುತ್ತಿದ್ದರು. ಮಗು ಅತ್ತ ಸದ್ದು ಕೇಳಿದಾಗ ಎಲ್ಲರೂ ಒಂದು ಗಳಿಗೆ ಕೈ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದರು.

ಎರಡು ತಿಂಗಳಲ್ಲಿ ನಮ್ಮ ಹುಡುಗಿಯರು ಮಡಿಸಿದ ಗಾಜ್ ಮೂರು ಬೀರು ತುಂಬಿತು. ದೊಡ್ಡ ಡಾಕ್ಟರು ನೋಡಿ ಬಹಳ ಸಂತೋಷಪಟ್ಟು ಹೇಳಿದರು, "ಇಷ್ಟು ಬಟ್ಟೆಗೆ ಸಾಕಾಗೋಷ್ಟು ಗಾಯ ಇಡೀ ಜಿಲ್ಲೆಯಲ್ಲಿ ಇಲ್ಲ ಕಣಮ್ಮ."

ಬೆಳುಗುಪ್ಪದ ಅಜ್ಜ

ನಾನು ಜಗಳ ತೆಗೆದೆ. ಜಗಳದ ಫಲವಾಗಿ ಒಬ್ಬ ರೋಗಿಯನ್ನು ಕೊಟ್ಟರು. ಇಪ್ಪತ್ತೆರಡು ಜನಕ್ಕೆ ಒಬ್ಬ. ಅದೂ ಗಂಡಸು.

ಬೆಳುಗುಪ್ಪದ ಒಬ್ಬ ಅಜ್ಜ. ದಿಣ್ಣೆ ಇಳಿಯುವಾಗ ಕಾಲು ಉಳುಕಿಸಿಕೊಂಡು ಬಂದಿದ್ದ. ಬಿಪಿ ನೋಡುವುದನ್ನಾದರೂ ಕಲಿಯಲಿ ಎಂದು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದೆ. ಮೊದಲನೆಯವಳಿಗೆ ಅಜ್ಜ ಪ್ರೀತಿಯಿಂದ ತೋಳು ಚಾಚಿದ, ಯಾವೂರು ಮಗಾ ಎಂದು ಕೇಳಿದ. ಐದನೆಯವಳಿಗೆ ಬರೀ ತೋಳು ಚಾಚಿದ. ಹತ್ತನೆಯವಳು ಪಟ್ಟಿ ಸುತ್ತುವಾಗ ಗೋಡೆಯ ಕಡೆ ತಿರುಗಿಕೊಂಡ. ಹದಿನೇಳನೆಯವಳು ಪಂಪು ಒತ್ತುತ್ತಿದ್ದ ಹಾಗೆ ಎದ್ದು ಕೂತುಬಿಟ್ಟ.

ನಮ್ಮವರು ನೋಡಿದ್ದನ್ನೆಲ್ಲ ಚಾರ್ಟಿನಲ್ಲಿ ಬರೆದಿದ್ದರು. ಮೊದಲಿಗೆ ಸರಿಯಾಗಿದ್ದ ಬಿಪಿ ಸಾಲು ಸಾಲಿಗೆ ಮೆಟ್ಟಿಲು ಹತ್ತಿತ್ತು. ರೌಂಡ್ಸಿಗೆ ಬಂದ ಡಾಕ್ಟರು ಅದನ್ನು ನೋಡಿ ಗಾಬರಿಯಾಗಿ, "ಅಜ್ಜಾ, ಮೊದಲಿಂದ ಬಿಪಿ ಇತ್ತಾ?" ಎಂದು ಕೇಳಿದರು.

ಅಜ್ಜ ಹೇಳಿದ, "ಇರ್ಲಿಲ್ಲ ಕಣಪ್ಪ. ಬೆಳಗ್ಗೆಯಿಂದ ಈ ಹುಡುಗೀರೇ ಗಾಳಿ ಹೊಡೆದು ಹೊಡೆದು ತುಂಬ್ಸವ್ರೆ."

ರೊದ್ದಂ ಟೀ ಅಂಗಡಿ

ಪರೀಕ್ಷೆಗೆ ಎರಡು ತಿಂಗಳಿತ್ತು. ಒಬ್ಬಳ ಕೇಸ್ ಬುಕ್ಕಿನಲ್ಲೂ ಒಂದು ಹೆರಿಗೆ ಇರಲಿಲ್ಲ. ಆಗ ಬಂತು ಸರ್ಕಾರದ ಇನ್‌ಸ್ಪೆಕ್ಷನ್. ಒಂದೇ ದಿನ ಎರಡು ತಂಡ: ಒಂದು ಹಿಂದೂಪುರದ ಶಾಲೆಗೆ, ಒಂದು ಕಲ್ಯಾಣದುರ್ಗದ ಆಸ್ಪತ್ರೆಗೆ.

ಇಲ್ಲಿ ಒಂದು ಗುಟ್ಟು ಹೇಳಬೇಕು. ಶಾಲೆಗೆ ಟ್ಯೂಟರುಗಳು ಸಾಲದೆ ಆಸ್ಪತ್ರೆಯ ನರ್ಸುಗಳ ಹೆಸರು, ಫೋಟೋ ಅಂಟಿಸಿ ಪಟ್ಟಿ ಕಳಿಸಿದ್ದರು. ಆಸ್ಪತ್ರೆಗೆ ನರ್ಸುಗಳು ಸಾಲದೆ ನಮ್ಮ ಹೆಸರು, ಫೋಟೋ ಅಂಟಿಸಿ ಕಳಿಸಿದ್ದರು. ಒಪ್ಪಂದದ ನಿಜವಾದ ತಿರುಳು ಇದೇ ಎಂದು ನನಗೆ ಆವತ್ತು ತಿಳಿಯಿತು. ಪಟ್ಟಿಯಲ್ಲಿ ಯಾರು ಎಲ್ಲಿದ್ದಾರೋ ಅವರು ಅಲ್ಲಿಯೇ ಇರಬೇಕಲ್ಲ. ಹಾಗಾಗಿ ಅವರು ಇಲ್ಲಿಗೆ, ನಾವು ಅಲ್ಲಿಗೆ.

"ಸಾರ್, ಆರು ಜನ ಹೋಗಿ ಆರು ಜನ ಬರ್ತಾರೆ. ಎಲ್ಲಾರೂ ಇದ್ದಲ್ಲೇ ಇದ್ರೂ ಲೆಕ್ಕ ಅಷ್ಟೇ ಅಲ್ವಾ?" ಎಂದೆ.

ಕರೆಸ್ಪಾಂಡೆಂಟರು ಯೋಚಿಸಿದರು. ಬೆರಳು ಮಡಿಸಿ ಎಣಿಸಿಯೂ ನೋಡಿದರು. ಆಮೇಲೆ, "ಪಟ್ಟಿ ಹೋಗ್ಬುಟ್ಟೈತಲ್ಲಮ್ಮ, ಏಂ ಚೇಸ್ತಾಂ" ಎಂದು ತೆಲುಗಿನಲ್ಲಿ ಕೈ ಚೆಲ್ಲಿದರು.

ಬೆಳಿಗ್ಗೆ ನಾವು ಆರು ಟ್ಯೂಟರುಗಳು ನರ್ಸಿನ ಬಿಳಿ ಸೀರೆ ಉಟ್ಟು ಹೊರಟೆವು. ಇಪ್ಪತ್ತೆರಡು ಹುಡುಗಿಯರೂ ಜೊತೆಗೆ. ಅವರಿಗೆ ಸ್ಟಾಫ್ ನರ್ಸ್ ಎಂದು ಬ್ಯಾಡ್ಜು, ಯಾರಾದರೂ ಕೇಳಿದರೆ ಆರು ವರ್ಷದ ಅನುಭವ ಎನ್ನಬೇಕೆಂದು ಪಾಠ. ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿದ ನಮ್ಮ ಬೊಂಬೆ. ರೊದ್ದಂನಲ್ಲಿ ಟೀ ಕುಡಿಯಲು ನಿಂತರೆ, ಎದುರಿನಿಂದ ಕಲ್ಯಾಣದುರ್ಗದ ವ್ಯಾನು ಬಂದು ಅದೇ ಅಂಗಡಿಗೆ ನಿಂತಿತು. ಇನ್‌ಚಾರ್ಜ್ ಸಿಸ್ಟರೂ ಅವರ ಐದು ಜನರೂ ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಫೈಲು, ಮೂಗಿನ ಮೇಲೆ ಕನ್ನಡಕ ಹಾಕಿಕೊಂಡು ಇಳಿದರು. ನಾವು ಅವರಾಗಿದ್ದೆವು, ಅವರು ನಾವಾಗಿದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಟೀ ಅಂಗಡಿಯಾತ ಎರಡೂ ಕಡೆಗೆ ಲೋಟ ಇಡುತ್ತಾ ಕೇಳಿದ, "ಇದ್ರಾಗೆ ಹೆಣ್ಣಿನ ಕಡೆಯೋರು ಯಾರು, ಗಂಡಿನ ಕಡೆಯೋರು ಯಾರು ಕಣಮ್ಮ?"

ದೂರಿಲ್ಲದ ರೋಗಿ

ಆಸ್ಪತ್ರೆಯಲ್ಲಿ ಮಂಚ ಹೆಚ್ಚು, ರೋಗಿ ಕಡಿಮೆ. ಬೊಂಬೆಯನ್ನು ಮೂಲೆಯ ಮಂಚದಲ್ಲಿ ಮಲಗಿಸಿ, ಕತ್ತಿನವರೆಗೆ ಹೊದಿಸಿ, ಮುಖಕ್ಕೆ ನಮ್ಮ ಹುಡುಗಿಯರೇ ಮಡಿಸಿದ ಗಾಜ್ ಸುತ್ತಿದೆವು. ಕೊನೆಗೂ ಆ ಬಟ್ಟೆ ಕೆಲಸಕ್ಕೆ ಬಂತು. ಪಕ್ಕದ ಮಂಚದ ಹೆಂಗಸು ಪಾಪ ಕರುಣೆಯವಳು. ಬೊಂಬೆಯ ತಲೆಯ ಹತ್ತಿರ ಎರಡು ಇಡ್ಲಿ ಇಟ್ಟು, "ಯಾರೂ ದಿಕ್ಕಿಲ್ವೇನೋ, ಬಂದಾಗ್ಲಿಂದ ಒಂದು ಮಾತಾಡಿಲ್ಲ" ಎಂದು ಕಣ್ಣೊರೆಸಿಕೊಂಡಳು.

ಇನ್‌ಸ್ಪೆಕ್ಷನ್ನಿನ ಸಾಹೇಬರು ಬಂದು ಮಂಚ ಮಂಚಕ್ಕೂ ನಿಂತು, "ಆಸ್ಪತ್ರೆಯ ಮೇಲೆ ಏನಾದರೂ ದೂರು ಇದೆಯಾ?" ಎಂದು ಕೇಳಿದರು. ಬೇರೆ ರೋಗಿಗಳೆಲ್ಲ ನೀರು ಬರುವುದಿಲ್ಲ, ಫ್ಯಾನು ತಿರುಗುವುದಿಲ್ಲ ಎಂದರು. ಬೊಂಬೆಯನ್ನೂ ಕೇಳಿದರು. ಅದು ಸುಮ್ಮನಿತ್ತು. ಸಾಹೇಬರು ತೃಪ್ತಿಯಿಂದ ಬರೆದುಕೊಂಡರು: ದೂರಿಲ್ಲ.

ಅದೇ ಹೊತ್ತಿಗೆ ಹಿಂದೂಪುರದಲ್ಲಿ ಇನ್ನೊಂದು ತಂಡ ಶಾಲೆಯ ಬೀರು ತೆಗೆಸಿ, ಬೊಂಬೆ ಎಲ್ಲಿ ಎಂದು ಕೇಳಿತಂತೆ. ಕರೆಸ್ಪಾಂಡೆಂಟರು ಥಟ್ಟನೆ, "ಆಸ್ಪತ್ರೆಗೆ ಪೋಸ್ಟಿಂಗ್ ಹೋಗೈತೆ ಸಾರ್" ಎಂದರಂತೆ. ಸುಳ್ಳಲ್ಲ. ಆ ವರ್ಷ ನಮ್ಮ ಶಾಲೆಯಿಂದ ಸರಿಯಾಗಿ ವಾರ್ಡಿನೊಳಕ್ಕೆ ಪೋಸ್ಟಿಂಗ್ ಸಿಕ್ಕಿದ್ದು ಅದೊಂದಕ್ಕೇ.

ನಡುಗುವ ಕೈ

ಮಧ್ಯಾಹ್ನ ಎರಡರ ಹೊತ್ತಿಗೆ ಆಟೋ ಒಂದು ಬಂದು ನಿಂತಿತು. ಬೆಳುಗುಪ್ಪದ ಆಚೆಯ ಹಳ್ಳಿಯ ಹೆಂಗಸು, ಎರಡನೇ ಹೆರಿಗೆ, ಜೊತೆಗೆ ಅವಳ ತಾಯಿ. ಪರೀಕ್ಷೆ ಮಾಡಿದರೆ ಮಗುವಿನ ತಲೆ ಕಾಣುತ್ತಿದೆ. ಡಾಕ್ಟರು ಮಹಡಿಯ ಮೇಲೆ ಸಾಹೇಬರಿಗೆ ಫೈಲು ತೋರಿಸುತ್ತಿದ್ದಾರೆ. ಹೆರಿಗೆ ಮಾಡಿಸುವ ನರ್ಸುಗಳೆಲ್ಲ ಹಿಂದೂಪುರದಲ್ಲಿ, ಹೆರಿಗೆ ಮಾಡಿಸುವುದು ಹೇಗೆ ಎಂದು ಪಾಠ ಮಾಡುತ್ತಿದ್ದಾರೆ.

ಡಾಕ್ಟರಿಗೆ ಹೇಳಿಕಳಿಸಿ ನಾನು ಗ್ಲೌಸಿಗೆ ಕೈ ಹಾಕಿದೆ. ಬಾಗಿಲಲ್ಲಿ ರೊದ್ದಂ ಹುಡುಗಿ ನಿಂತು ನೋಡುತ್ತಿದ್ದಳು. ಗ್ಲೌಸನ್ನು ಅವಳಿಗೆ ಕೊಟ್ಟೆ. ಅವಳ ಬೆನ್ನಿಗೆ ಅಂಟಿಕೊಂಡು ನಿಂತೆ.

"ಮೇಡಂ, ಕೈ ನಡುಗ್ತೈತೆ."

"ನಡುಗ್ಲಿ ಬಿಡು. ತಲೆಗೆ ಆಸರೆ ಕೊಡು, ಎಳೀಬ್ಯಾಡ. ಅದೇ ಬತ್ತೈತೆ."

ಬಂತು. ಹೆಣ್ಣು ಮಗು. ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಎಲ್ಲರಿಗೂ ಬೈಯುವ ಹಾಗೆ ಅತ್ತಿತು. ಹುಡುಗಿ ನಡುಗುವ ಕೈಯಲ್ಲೇ ಮಗುವನ್ನು ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸಿದಳು, ಹೊಕ್ಕುಳಬಳ್ಳಿ ಕಟ್ಟಿ ಕತ್ತರಿಸಿದಳು, ಕಸ, ಅಂದರೆ ಮಾಸು, ಪೂರಾ ಬಂತೇ ಎಂದು ನೋಡಿದಳು. ಒಂದನ್ನೂ ಮರೆಯಲಿಲ್ಲ. ಇಷ್ಟು ವರ್ಷದಲ್ಲಿ ನಾನು ಕಲಿಸಿದ್ದು ಯಾರ ಕೈಗಾದರೂ ಇಳಿದದ್ದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ನನಗೆ ಅಳು ಬಂತು, ಅತ್ತೆ.

ಡಾಕ್ಟರ ಹಿಂದೆಯೇ ಇಳಿದು ಬಂದ ಸಾಹೇಬರು ಬಾಗಿಲಲ್ಲಿ ನಿಂತು ಕೇಳಿದರು, "ಎಷ್ಟು ವರ್ಷದ ಅನುಭವ ಸಿಸ್ಟರ್?"

"ಆರು ವರ್ಷ ಸಾರ್," ಎಂದಳು ಹುಡುಗಿ. ಅನುಭವ ಶುರುವಾಗಿ ಆರು ನಿಮಿಷ ಆಗಿತ್ತು.

ಸಹಿ

ಮರುದಿನ ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಮರಳಿದ ಮೇಲೆ ಅವಳ ಕೇಸ್ ಬುಕ್ ಹಿಡಿದು ಇನ್‌ಚಾರ್ಜ್ ಸಿಸ್ಟರ ಹತ್ತಿರ ಹೋದೆ. ಅವರು ಓದಿ ಪುಸ್ತಕ ವಾಪಸು ಕೊಟ್ಟರು.

"ಇದಕ್ಕೆ ಹೆಂಗೆ ಮೇಡಂ ಸೈನ್ ಹಾಕ್ಲಿ? ನಿನ್ನೆ ಇಲ್ಲಿ ಸ್ಟೂಡೆಂಟ್ಸೇ ಇರ್ಲಿಲ್ವಲ್ಲ. ಇದ್ದಿದ್ದೆಲ್ಲಾ ಸ್ಟಾಫು. ಇವಳು ಸ್ಟೂಡೆಂಟು ಅಂತ ಬರೆದ್ರೆ ಇನ್‌ಸ್ಪೆಕ್ಷನ್ನೇ ಸುಳ್ಳಾಯ್ತೈತೆ. ರಿಜಿಸ್ಟರಾಗೆ ಆ ಹೆರಿಗೆ ನನ್ನ ಹೆಸರಲ್ಲೈತೆ."

"ನೀವು ಹಿಂದೂಪುರದಾಗಿದ್ರಿ."

"ಹೂಂ, ಅದೂ ಬರೆಯಂಗಿಲ್ಲ." ನನ್ನ ಮುಖ ನೋಡಿ ಅವರಿಗೂ ಸಂಕಟವಾಯಿತು. ದನಿ ತಗ್ಗಿಸಿ ಹೇಳಿದರು, "ಬ್ಯಾಸರ ಮಾಡ್ಕೋಬ್ಯಾಡಿ ಮೇಡಂ. ನಡೆದಿರೋದಕ್ಕೆ ಹಾಕೋಕಾಗಲ್ಲ. ನಡೀದೇ ಇರೋದು ಇಪ್ಪತ್ತು ಬರ್ಕೊಂಡ್ ಬರ್ಲಿ, ಕಣ್ಮುಚ್ಚಿ ಹಾಕ್ತೀನಿ."

ಬರೆಸಿದೆ. ಬೈದುಕೊಂಡು, ನಾಚಿಕೊಂಡು, ಆದರೂ ಬರೆಸಿದೆ. ಬರೆಸದಿದ್ದರೆ ಇಪ್ಪತ್ತೆರಡು ಮಕ್ಕಳ ಮೂರು ವರ್ಷ ನೀರುಪಾಲಾಗುತ್ತಿತ್ತು. ಇನ್‌ಚಾರ್ಜ್ ಸಿಸ್ಟರ ಹಳೆಯ ರಿಜಿಸ್ಟರು ನೋಡಿಕೊಂಡು, ವರಾಂಡದಲ್ಲಿ ಗಾಜ್ ಮಡಿಸಿದ ಅದೇ ಜಾಗದಲ್ಲಿ ಸಾಲಾಗಿ ಕೂತು ಇಪ್ಪತ್ತೆರಡು ಜನರೂ ಹೆರಿಗೆ ಮಾಡಿಸಿದರು. ಒಂದು ತಾಯಿಗೂ ನೋವಾಗಲಿಲ್ಲ.

ಹಾಗೆ ಕೂತಿದ್ದಾಗಲೇ ಆ ಬಾಣಂತಿಯ ತಾಯಿ ಮೊಮ್ಮಗುವನ್ನು ಮನೆಗೆ ಕರೆದೊಯ್ಯಲು ಹೊರಟವಳು, ಕೈಯಲ್ಲಿ ತಟ್ಟೆ ಹಿಡಿದು ಬಂದಳು. ರವಿಕೆ ಕಣ, ಅರಿಶಿನ ಕುಂಕುಮ, ಕೊಬ್ಬರಿ ಬೆಲ್ಲ. ಮಗುವನ್ನು ಮೊದಲು ಹಿಡಿದ ಕೈಗೆ ಇವನ್ನು ಕೊಡದೆ ಹೊಸಿಲು ದಾಟಿಸಬಾರದು ಎಂಬುದು ಅವರ ಮನೆಯ ಪದ್ಧತಿಯಂತೆ. ರಿಜಿಸ್ಟರು ನೋಡಿದ ಆಯಾ ಅವಳನ್ನು ನೇರ ಇನ್‌ಚಾರ್ಜ್ ಸಿಸ್ಟರ ಮುಂದೆ ನಿಲ್ಲಿಸಿದಳು. ಮುದುಕಿ ಅವರ ಕೈ ಹಿಡಿದು ನೋಡಿ ಬಿಟ್ಟಳು.

"ನೀನಲ್ಲ ಕಣಮ್ಮ. ಆ ಮಗೀನ ಕೈ ನಡುಗ್ತಿತ್ತು. ಈ ಕೈ ಕಲ್ಲಿದ್ದಂಗೈತೆ."

ಆಮೇಲೆ ವರಾಂಡಕ್ಕೆ ಬಂದು ಸಾಲಿನ ಉದ್ದಕ್ಕೂ ಒಬ್ಬೊಬ್ಬಳ ಕೈ ಹಿಡಿದು ನೋಡುತ್ತ ಬಂದು, ರೊದ್ದಂ ಹುಡುಗಿಯ ಮುಂದೆ ಕೂತುಬಿಟ್ಟಳು. ಹುಡುಗಿ ಪೆನ್ನು ಕೆಳಗಿಟ್ಟು ಸೆರಗೊಡ್ಡಿದ ಹಾಗೆ ಎರಡೂ ಕೈ ಒಡ್ಡಿದಳು. ಆಗ ಅವಳು ಬರೆಯುತ್ತಿದ್ದದ್ದು ತನ್ನ ಹದಿನಾಲ್ಕನೆಯ ಹೆರಿಗೆ. ಅವಳು ನಿಜವಾಗಿ ಮಾಡಿಸಿದ ಹೆರಿಗೆಗೆ ಸಹಿ ಮಾಡಿಕೊಟ್ಟದ್ದು ಆ ಮುದುಕಿ ಒಬ್ಬಳೇ, ಅದೂ ಕುಂಕುಮದಲ್ಲಿ.

ವಿನಯ

ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಒಬ್ಬ ಹಿರಿಯ ಮೇಡಂ ಬಂದರು. ಪಕ್ಕದಲ್ಲಿ ಶಾಲೆಯ ಪರವಾಗಿ ನಾನು. ಒಬ್ಬೊಬ್ಬಳನ್ನೂ ಅವರು ಕೇಳಿದರು, ನಿನ್ನ ಕೈಯಾರೆ ಎಷ್ಟು ಹೆರಿಗೆ ಮಾಡಿಸಿದ್ದೀಯ? ಇಪ್ಪತ್ತು ಮೇಡಂ. ಇಪ್ಪತ್ತು ಮೇಡಂ. ಒಂದರ ವಿವರ ಹೇಳು ಎಂದರೆ ಪುಸ್ತಕದ ಪಾಠ ಒಪ್ಪಿಸಿದರು. ಮೇಡಂ ಆಕಳಿಸುತ್ತ ಮಾರ್ಕು ಹಾಕುತ್ತಿದ್ದರು.

ರೊದ್ದಂ ಹುಡುಗಿಯ ಸರದಿ ಬಂತು. ಎಷ್ಟು ಎಂದು ಕೇಳಿದರು. ಅವಳು ನನ್ನ ಮುಖ ನೋಡಿದಳು. ನಾನು ಮೇಜು ನೋಡಿದೆ.

"ಒಂದು ಮೇಡಂ."

ಪರೀಕ್ಷಕಿ ಆಕಳಿಕೆ ನಿಲ್ಲಿಸಿ ಪುಸ್ತಕ ತಿರುವಿದರು. "ಇಲ್ಲಿ ಇಪ್ಪತ್ತು ಇದೆಯಲ್ಲಮ್ಮ."

"ಅವು ಬ್ಯಾರೆ ಮೇಡಂ. ನಾನು ಮಾಡಿದ್ದು ಒಂದೇ. ಅದು ಅದ್ರಾಗಿಲ್ಲ."

ಮುಗಿಯಿತು ಎಂದುಕೊಂಡೆ. ಅವಳ ಮೂರು ವರ್ಷ, ನನ್ನ ಕೆಲಸ, ಉಳಿದ ಇಪ್ಪತ್ತೊಂದು ಮಕ್ಕಳು, ಎಲ್ಲ ಕಣ್ಣಮುಂದೆ ಬಂತು. ಆದರೂ, ಸುಳ್ಳಲ್ಲ, ಮನಸ್ಸು ಹಗುರವಾಗಿತ್ತು. ಗೊತ್ತಾಗಲಿ, ಒಂದು ಸಲ ಎಲ್ಲ ಗೊತ್ತಾಗಿಬಿಡಲಿ.

"ಸರಿ, ಆ ಒಂದನ್ನೇ ಹೇಳು," ಎಂದರು ಪರೀಕ್ಷಕಿ.

ಅವಳು ಹೇಳಿದಳು. ಕೈ ನಡುಗಿದ್ದು, ಮಗುವಿನ ತಲೆ ಅಂಗೈಗೆ ಎಷ್ಟು ಬೆಚ್ಚಗಿತ್ತು ಎಂಬುದು, ಬಳ್ಳಿ ಜಾರಿದ್ದು, ಅಳು ಕೇಳುವವರೆಗೆ ತಾನೂ ಉಸಿರು ಹಿಡಿದದ್ದು, ಕಸ ಬಂದ ಮೇಲೆ ತಿರುಗಿಸಿ ತಿರುಗಿಸಿ ನೋಡಿದ್ದು, ರಕ್ತ ಹೆಚ್ಚು ಹೋಗುತ್ತಿದೆಯೇ ಎಂದು ಹೊಟ್ಟೆಯ ಮೇಲೆ ಕೈಯಿಟ್ಟು ಕೂತದ್ದು. ಕೊನೆಗೆ ಆ ಮುದುಕಿಯ ರವಿಕೆ ಕಣ. ಮಾತೇ ಆಡದ ಹುಡುಗಿ ಹತ್ತು ನಿಮಿಷ ಆಡಿದಳು. ಪರೀಕ್ಷಕಿ ಕನ್ನಡಕ ತೆಗೆದಿಟ್ಟು ಕೇಳಿದರು. ಕೇಳಿ ಮುಗಿದ ಮೇಲೆ ನನ್ನ ಕಡೆ ತಿರುಗಿದರು.

"ಎಷ್ಟು ಚೆನ್ನಾಗಿ ಕಲಿಸಿದ್ದೀರಿ ಮೇಡಂ. ಇಪ್ಪತ್ತು ಮಾಡಿಸಿದವಳಿಗೆ ಮಾತ್ರ ಒಂದನ್ನ ಇಷ್ಟು ಬಿಡಿಸಿ ಹೇಳೋಕಾಗೋದು."

ನಾನು ಮಾರ್ಕಿನ ಹಾಳೆಯನ್ನು ಅವರ ಕಡೆ ಸರಿಸಿದೆ.

ಅವರು ಎಲ್ಲರಿಗಿಂತ ಹೆಚ್ಚು ಮಾರ್ಕು ಹಾಕಿ, ಹುಡುಗಿಯ ಭುಜ ತಟ್ಟಿ ಹೇಳಿದರು, "ನರ್ಸಾದವಳಿಗೆ ವಿನಯ ಇರಬೇಕಮ್ಮ, ಒಳ್ಳೇದು. ಆದರೆ ಹತ್ತೊಂಬತ್ತು ಹೆರಿಗೆಯಷ್ಟು ಬೇಡ."

ಹೊರಗೆ ಬಂದು ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಅವಳು ಕೇಳಿದಳು, "ಮೇಡಂ, ನಾನು ನಿಜಾನೇ ಹೇಳಿದ್ನಲ್ಲ?"

"ನಿಜಾನೇ ಹೇಳ್ದೆ ಕಣಮ್ಮ," ಎಂದೆ. "ಅದಕ್ಕೆ ಸೈನ್ ಇರ್ಲಿಲ್ಲ, ಅಷ್ಟೇ."